ಕೆಂಪು ದಾರಕ್ಕೆ ನಾಲ್ಕು ಸಾವಿರ

ಅಂಕೋಲಾ
12 ಜನವರಿ 2007

ಕೋಡಿಬಾಗದ ಸೀಟ್ ಕವರ್ ಸಾಹುಕಾರರಾದ ಶ್ರೀ ರಾಮನಾಥ ಅವರಿಗೆ,

ಒಂಬತ್ತು ವರ್ಷದ ಮೇಲೆ ನನ್ನ ಕಾಗದ ನೋಡಿ ನಿಮಗೆ ಆಶ್ಚರ್ಯವಾಗಬಹುದು. ಆಗಲಿ. ನಿಮ್ಮ ಕ್ಷೇಮ ಕೇಳಲಿಕ್ಕೆ ಬರೆದದ್ದಲ್ಲ, ಜಗಳಕ್ಕೇ ಬರೆದದ್ದು.

ಬೇಲೆಕೇರಿ ಬಂದರಿಗೆ ಅದಿರು ಸಾಗಿಸುವ ಲಾರಿಗಳ ಸಂದೀಪ ಗೊತ್ತಲ್ಲ, ಅವನ ಆರೂ ಲಾರಿಗಳ ಸೀಟು ಹೊಲಿದವ ನಾನು. ಈಗ ಅವನು ಮುಂಬಯಿಯಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರು ತಂದಿದ್ದಾನೆ. ಎರಡೇ ಸೀಟು. ಹೊಟ್ಟೆ ನೆಲಕ್ಕೆ ತಾಗುತ್ತದೆ. ಅದಕ್ಕೆ ಹತ್ತುವುದಿಲ್ಲ, ಬಾವಿಗೆ ಇಳಿದ ಹಾಗೆ ಇಳಿಯಬೇಕು. ಸೀಟಿನ ಚರ್ಮ ಒಣ ಬಂಗಡೆಯ ಹಾಗೆ ಸುಕ್ಕಾಗಿ ಒಡೆದಿತ್ತು. ನಾನು ಹೇಳಿದೆ: ಅಸಲು ಚರ್ಮ, ಕಪ್ಪು ಬಣ್ಣ, ಜೋಡಣೆಯ ಪಕ್ಕದಲ್ಲಿ ಎದ್ದು ಕಾಣುವ ಹಾಗೆ ಎರಡು ಸಾಲು ಕೆಂಪು ದಾರ. ಕಪ್ಪು ದಾರವಾದರೆ ಹದಿನೆಂಟು ಸಾವಿರ, ಕೆಂಪಾದರೆ ಮೇಲೆ ನಾಲ್ಕು. ಹುಡುಗ ಹೂಂ ಎಂದು ಹೋದ.

ಹೋದವನು ಕಾರವಾರಕ್ಕೆ ಹೋಗಿ ತಮ್ಮ ಅಮೂಲ್ಯ ಅಭಿಪ್ರಾಯ ಕೇಳಿ ಬಂದಿದ್ದಾನೆ. ಬಂದವನೇ, "ಮಾಬ್ಲಣ್ಣ, ರಾಮನಾಥಣ್ಣ ಹೇಳೂದು ಬೇರೇನೇ ಅದೆ. ದಾರದ ಬಣ್ಣಕ್ಕೆ ನಾಕು ಸಾವ್ರ ಎಂತಕೆ, ಅದು ಬರೀ ಶೋಕಿ ಅಂದ್ರು" ಎನ್ನುತ್ತಾನೆ. ನನ್ನ ಗಿರಾಕಿಯ ಕಿವಿ ಊದಲು ನೀವ್ಯಾರು ಸ್ವಾಮಿ?

ಇದನ್ನು ಫೋನಿನಲ್ಲಿ ಕೇಳಬಹುದಿತ್ತು ಎನ್ನಬೇಡಿ. ನಿಮ್ಮ ಹತ್ತಿರ ಇನ್ನು ಬಾಯಿ ಬಿಟ್ಟು ಮಾತಾಡುವುದಿಲ್ಲ ಎಂದು ಮನೆದೇವರ ಮುಂದೆ ಕಾಯಿ ಇಟ್ಟು ಹೇಳಿದವ ನಾನು. ಬರೆಯುವುದಿಲ್ಲ ಎಂದು ಹೇಳಿರಲಿಲ್ಲ. ಆಗ ನೆನಪಾಗದೇ ಹೋದದ್ದು ಈಗ ಉಪಯೋಗಕ್ಕೆ ಬಂತು.

ನಿಮ್ಮ ಯಾರೂ ಅಲ್ಲದ,
ಮಾಬ್ಲೇಶ್ವರ

*

ಕೋಡಿಬಾಗ, ಕಾರವಾರ
19 ಜನವರಿ 2007

ಅಂಕೋಲೆಯ ಮಹಾಶಯ ಮಾಬ್ಲೇಶ್ವರ ಅವರಿಗೆ,

ನಿಮ್ಮ ಜಗಳ ತಲುಪಿತು. ನನ್ನ ಕೈಯಲ್ಲಿ ಕೆಲಸವಿತ್ತು, ಹಾಗಾಗಿ ನಮ್ಮ ಮನೆಯವಳು ದುರ್ಗಾ ಓದಿ ಹೇಳಿದಳು. "ನಿಮ್ಮ ಯಾರೂ ಅಲ್ಲದ" ಎಂಬಲ್ಲಿಗೆ ಬಂದು ಎಷ್ಟು ನಕ್ಕಳೆಂದರೆ ಒಲೆಯ ಮೇಲಿನ ಹಾಲು ಉಕ್ಕಿತು. ಆ ಹಾಲಿನ ಪಾಪವೂ ನಿಮಗೇ ಸೇರಲಿ.

ಆ ಹುಡುಗ ಕೇಳಿದ, ನಾನು ಹೇಳಿದೆ. ಸುಳ್ಳು ಹೇಳಬೇಕಿತ್ತೇ? ನಮ್ಮಿಬ್ಬರಿಗೂ ಸೂಜಿ ಹಿಡಿಯಲು ಕಲಿಸಿದ ಮೇಸ್ತ್ರಿ ಏನು ಹೇಳುತ್ತಿದ್ದರು? ಒಳ್ಳೆಯ ಹೊಲಿಗೆ ಸಾರಿನಲ್ಲಿಯ ಉಪ್ಪಿನ ಹಾಗೆ, ಇದ್ದದ್ದು ಕಾಣಬಾರದು. ನೀವು ಉಪ್ಪನ್ನು ಬಾಳೆಎಲೆಯ ನಡುವೆ ಗುಡ್ಡೆ ಹಾಕಿ ಬಡಿಸಲು ಹೊರಟವರು.

ಇನ್ನು, ಆ ದಾರವನ್ನು ನೋಡುವವರು ಯಾರು? ಹಿಂದೆ ಸೀಟಿಲ್ಲ. ಮುಂದೆ ಕೂತವರು ಅದರ ಮೇಲೆಯೇ ಕೂತಿರುತ್ತಾರೆ. ನೋಡಬೇಕೆಂದರೆ ಕಾರು ನಿಲ್ಲಿಸಿ, ಇಳಿದು, ಬಗ್ಗಿ ನೋಡಬೇಕು. ಮೇಲಾಗಿ ಬೇಲೆಕೇರಿ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಎರಡು ದಿನ ಓಡಾಡಿದರೆ ಇಡೀ ಸೀಟೇ ಕೆಂಪಾಗುತ್ತದೆ, ಪುಕ್ಕಟೆಯಾಗಿ! ಕೆಂಪು ದಾರದ ರೀಲಿಗೂ ಕಪ್ಪು ದಾರದ ರೀಲಿಗೂ ಇರುವ ಫರಕು ಹತ್ತು ರೂಪಾಯಿ. ನಾಲ್ಕು ಸಾವಿರ ಯಾವ ಬಾಯಿಂದ ಕೇಳಿದಿರಿ?

ಒಂಬತ್ತು ವರ್ಷದ ಹಿಂದಿನ ಜೀಪಿನ ಸಂಗತಿ ನೀವು ಎತ್ತಲಿಲ್ಲ. ನಾನೂ ಎತ್ತುವುದಿಲ್ಲ.

ಇತಿ,
ಹೋಗಲಿ ಪಾಪ ಎಂದು ಉತ್ತರ ಬರೆದ,
ರಾಮನಾಥ

*

ಅಂಕೋಲಾ
30 ಜನವರಿ 2007

ರಾಮನಾಥಾ,

ಬಹುವಚನ ಸಾಕು, ನನಗೆ ಹಲ್ಲು ನೋಯುತ್ತಿದೆ.

ಎತ್ತುವುದಿಲ್ಲ ಎಂದು ಬರೆದು ಎತ್ತಿದವ ನೀನು, ಹಾಗಾಗಿ ಹೇಳುತ್ತೇನೆ ಕೇಳು. ಅಮದಳ್ಳಿಯವರ ಜೀಪಿಗೆ ನಾನು ಹೊಲಿದ ಸೀಟು. ಒಂದು ಕಡೆ ಗೆರೆ ಒಂದು ಕೂದಲು ಸರಿದಿತ್ತು, ಒಪ್ಪಿಕೊಳ್ಳುತ್ತೇನೆ. ಮನೆಗೆ ತಂದು ಹೇಳಿದ್ದರೆ ಬೇರೆ ಹೊಲಿದು ಕೊಡುತ್ತಿದ್ದೆ. ನೀನು ಗಿರಾಕಿಯ ಎದುರಿಗೆ, ಚಾ ಕುಡಿಯಲು ಬಂದ ನಾಲ್ಕು ಜನರ ಎದುರಿಗೆ, ಬ್ಲೇಡು ತೆಗೆದು ಸರ್ರನೆ ಬಿಚ್ಚಿದೆ. "ಇದು ನಮ್ಮಂಗ್ಡಿ ಕೆಲ್ಸ ಅಲ್ಲ" ಎಂದೆ. ಬೋರ್ಡಿನ ಮೇಲೆ ಇಬ್ಬರ ಹೆಸರೂ ಇತ್ತಲ್ಲೋ! ದಾರ ಬಿಚ್ಚಬಹುದು, ರೆಕ್ಸಿನ್ ಮೇಲಿನ ಸೂಜಿ ತೂತು ಮುಚ್ಚುತ್ತದೆಯೇ? ನಾನು ಅವತ್ತೇ ಮಶೀನು ಕಟ್ಟಿಕೊಂಡು ಅಂಕೋಲೆಗೆ ಬಂದೆ.

ಸಾಕು. ಈಗ ನಾಲ್ಕು ಸಾವಿರದ ಲೆಕ್ಕ. ಅದು ದಾರಕ್ಕಲ್ಲ. ಕಪ್ಪು ಚರ್ಮಕ್ಕೆ ಕಪ್ಪು ದಾರ ಹೊಲಿದರೆ ಸೂಜಿ ಅಕ್ಕಿಕಾಳಿನಷ್ಟು ಆಚೆ ಹೋದರೂ ದೇವರಿಗೆ ಮಾತ್ರ ಗೊತ್ತು. ಕೆಂಪು ಹೊಲಿದರೆ ದಾರಿಯಲ್ಲಿ ಹೋಗುವ ಎಮ್ಮೆಗೂ ಗೊತ್ತು. ಚರ್ಮಕ್ಕೂ ತೂತು ಬಿದ್ದರೆ ಬಿತ್ತು, ಎರಡನೇ ಅವಕಾಶವಿಲ್ಲ. ಒಂದು ಗೇಣು ಹೊಲಿದು ಉಸಿರು ಬಿಡಬೇಕು, ಮತ್ತೆ ಒಂದು ಗೇಣು. ಆ ಉಸಿರು ಬಿಗಿಹಿಡಿಯುವ ಕೂಲಿ ನಾಲ್ಕು ಸಾವಿರ. ತಪ್ಪು ಅಡಗಿಸಲು ಜಾಗವೇ ಇಲ್ಲದ ಕೆಲಸಕ್ಕೆ ಹೆಚ್ಚು ಕೊಡಬೇಕೋ ಬೇಡವೋ, ನೀನೇ ಹೇಳು.

ಇದನ್ನೇ ಸಂದೀಪನಿಗೆ ಹೇಳಿದೆ, ನಿನ್ನ ಕಾಗದವನ್ನೂ ಓದಿದೆ. ಅವನು ಹೊಟ್ಟೆ ಹಿಡಿದು ನಕ್ಕು ಒಂದು ತೀರ್ಪು ಕೊಟ್ಟ: "ಎರಡು ಸೀಟು ಅದೆ, ನೀವೂ ಇಬ್ರು ಇದ್ರಿ. ಒಬ್ಬೊಬ್ರು ಒಂದೊಂದು ಹೊಲೀರಿ, ಕೆಂಪು ದಾರವೇ. ಎರಡೂ ಒಂದೇ ನಮೂನಿ ಕಂಡ್ರೆ ನಾಕು ಸಾವ್ರ ಕೊಡ್ತೆ. ಒಂದರ ಗೆರೆ ಸೊಟ್ಟಾದ್ರೂ ಒಂದು ಪೈಸೆ ಮೇಲೆ ಕೊಡೂದಿಲ್ಲ. ನಾಕು ಜನ್ರ ಎದುರಿಗೇ ನೋಡ್ತೆ." ಮೇ ತಿಂಗಳಲ್ಲಿ ಅವನ ಮದುವೆ, ಅಷ್ಟರೊಳಗೆ ಬೇಕಂತೆ.

ಕಾರು ನನ್ನ ಚಪ್ಪರದಲ್ಲಿ ನಿಂತಿದೆ. ಚರ್ಮ ಕತ್ತರಿಸಿ ನಿನ್ನ ಪಾಲಿನದನ್ನು ಬಸ್ಸಿಗೆ ಹಾಕಿದ್ದೇನೆ. ಡ್ರೈವರ್ ಸೀಟು ನನ್ನದು, ಮದುಮಗಳ ಸೀಟು ನಿನ್ನದು. ನೀನು ಕವರ್ ಹೊಲಿದು ಕಳಿಸು, ಸೀಟಿಗೆ ಏರಿಸುವುದು ನನ್ನ ಕೆಲಸ. ಇಂಚಿಗೆ ಆರು ಹೊಲಿಗೆ. ಎರಡು ಸಾಲುಗಳ ನಡುವೆ ಕಾಲಿಂಚು. ಸಾಲಿನ ಕೊನೆಗೆ ದಾರ ಬಿಗಿಯಲು ಮೂರು ಹೊಲಿಗೆ ಹಿಂದಕ್ಕೆ.

ಒಂದು ಮಾತು. ನಿನ್ನ ಕಾಗದದ ಸಾಲುಗಳೆಲ್ಲ ಬಲಗಡೆಗೆ ಹೋಗುತ್ತಾ ಜಾರಿ ಕೆಳಗೆ ಬಿದ್ದಿವೆ. ಬಸ್ಸಿನಲ್ಲಿ ಕೂತು ಬರೆದೆಯೋ?

ಹಳೇ ಪಾಲುದಾರ,
ಮಾಬ್ಲ

*

ಕೋಡಿಬಾಗ
20 ಫೆಬ್ರವರಿ 2007

ಮಾಬ್ಲಾ,

ಚರ್ಮ ಬಂತು. ಒಳ್ಳೆಯ ಮಾಲು. ಮೂಗಿಗೆ ಹಿಡಿದು ನೋಡಿದೆ, ಬೆರಳಲ್ಲಿ ಉಜ್ಜಿ ನೋಡಿದೆ. ಕತ್ತರಿಸುವುದರಲ್ಲಿ ನೀನು ಮೊದಲಿಂದಲೂ ಗಟ್ಟಿಗ, ಅದನ್ನು ನಾನು ಯಾವತ್ತೂ ಇಲ್ಲ ಎಂದಿಲ್ಲ.

ಕೆಲಸ ಇನ್ನೂ ಹಿಡಿದಿಲ್ಲ. ಒಂದು ವಾರ ಕರೆಂಟು ಸರಿ ಇರಲಿಲ್ಲ. ಆಮೇಲೆ ನೀನು ಕಳಿಸಿದ ದಾರ ನೋಡಿ ನನಗೆ ಸಮಾಧಾನವಾಗಲಿಲ್ಲ, ಬಣ್ಣ ಬಿಡಬಹುದು. ನಾನು ಹೇಳುವುದು, ಎರಡಕ್ಕೂ ಕಪ್ಪು ದಾರವನ್ನೇ ಹಾಕೋಣ. ಆಗದಿದ್ದರೆ ಕಂದು. ಮದುವೆಯಾಗುವ ಹುಡುಗನಿಗೆ ಪಕ್ಕದಲ್ಲಿ ಕೂತವಳನ್ನು ನೋಡುವುದು ಬಿಟ್ಟು ಸೀಟಿನ ದಾರ ನೋಡಲು ಪುರುಸೊತ್ತು ಎಲ್ಲಿರುತ್ತದೆ? ಸಂದೀಪನಿಗೆ ನೀನೇ ಹೇಳಿ ಒಪ್ಪಿಸು. ನಾಲ್ಕು ಸಾವಿರ ಹೋದರೆ ಹೋಯಿತು.

ಕೊನೆಗೆ ಎರಡು ಹೊಲಿಗೆ ಹಿಂದಕ್ಕೆ. ಮೂರಲ್ಲ. ಮೇಸ್ತ್ರಿ ಎರಡು ಎಂದಿದ್ದರು, ನಾನು ಮೂವತ್ತು ವರ್ಷ ಎರಡೇ ಹಾಕಿದ್ದೇನೆ. ನೀನು ಮೂರು ಹಾಕುವುದು ನಿನ್ನ ದಾರದ ಮೇಲೆ ನಿನಗೇ ನಂಬಿಕೆ ಇಲ್ಲದ್ದಕ್ಕೆ.

ಅಕ್ಷರದ ವಿಷಯ ಬರೆದಿದ್ದೀಯ. ಪೆನ್ನು ಸರಿ ಇಲ್ಲ. ಮೇಜೂ ಸರಿ ಇಲ್ಲ. ನಾಲ್ಕು ಜನರ ಎದುರಿಗೆ ನನ್ನ ಹೊಲಿಗೆ ನೋಡಿ ನಗಬೇಕೆಂದು ನೀನು ಒಂಬತ್ತು ವರ್ಷದಿಂದ ಕಾದಿದ್ದೀಯ ಎಂದು ನನಗೆ ಗೊತ್ತಿದೆ. ನಗು.

ರಾಮನಾಥ

*

ಕೋಡಿಬಾಗ
9 ಮಾರ್ಚ್ 2007

ಮಾಬ್ಲಣ್ಣನಿಗೆ ದುರ್ಗಾ ಮಾಡುವ ನಮಸ್ಕಾರ.

ಈ ಕಾಗದ ಅವರಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಅವರು ನದಿ ದಂಡೆಗೆ ಹೋಗಿದ್ದಾರೆ. ಓದಿದ ಮೇಲೆ ಒಲೆಗೆ ಹಾಕಿ.

ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಒಂದೂವರೆ ವರ್ಷವಾಯಿತು. ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸುವವಳು ನಾನು. ಗಿರಾಕಿ ಬಂದಾಗ ಒಳಗೆ ಹೋಗಿ ಕೂರುತ್ತೇನೆ, ಯಾರಿಗೂ ತಿಳಿಯಬಾರದಂತೆ. ಕಪ್ಪು ದಾರದ ಕೆಲಸ ಬೆರಳಿನ ಅಂದಾಜಿನ ಮೇಲೆ ಹೊಲಿದುಬಿಡುತ್ತಾರೆ, ಗೆರೆ ಸ್ವಲ್ಪ ಆಚೀಚೆಯಾದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಅಣ್ಣ, ಕೆಂಪು ದಾರ ಬೇಡ ಬೇಡ ಎಂದು ಅವರು ಕುಣಿದದ್ದು. ಮೇಸ್ತ್ರಿಯ ಉಪ್ಪು ಸಾರು ಎಲ್ಲ ನೆವ.

ಆಪರೇಶನ್ ಮಾಡಿಸಿಕೊಳ್ಳಿ ಎಂದರೆ, "ಇದ್ದಷ್ಟೂ ಹೋದ್ರೆ ಎಂತ ಮಾಡೂದೇ?" ಎನ್ನುತ್ತಾರೆ. ಹೆದರಿಕೆ. ಹೇಳಿಕೊಳ್ಳಲಿಕ್ಕೆ ನಾಚಿಕೆ.

ಕಡೆಗೆ ಹಟಕ್ಕೆ ಬಿದ್ದು ಆ ಕೆಂಪು ದಾರವನ್ನೇ ಹಿಡಿದು ನಿಮ್ಮ ಸೀಟಿಗೆ ಈಗ ಹದಿನಾಲ್ಕು ದಿನದಿಂದ ಕೂತಿದ್ದಾರೆ. ಬಾಗಿಲ ಬೆಳಕಿಗೆ ಮಶೀನು ಎಳೆದುಕೊಂಡು, ಮೂಗು ಚರ್ಮಕ್ಕೆ ತಾಗಿಸಿಕೊಂಡು ಹೊಲಿಯುತ್ತಾರೆ. "ಹೆಂಗೆ ಕಾಣ್ತದೆ?" ಎಂದು ಕೇಳುತ್ತಾರೆ. ನಾನು "ಲಾಯ್ಕ ಅದೆ" ಎನ್ನುತ್ತೇನೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಇಷ್ಟು ಸುಳ್ಳು ನಾನು ಹೇಳಿರಲಿಲ್ಲ ಅಣ್ಣ. ಗೆರೆ ಹಾವಿನ ಹಾಗೆ ಹೋಗಿದೆ. ಬರುವ ವಾರ ಕಳಿಸುತ್ತಾರೆ. ನಾಲ್ಕು ಜನರ ಎದುರಿಗೆ ಸಂದೀಪ ಅದನ್ನು ಹಿಡಿದು ನಕ್ಕರೆ ಮಶೀನು ಮಾರಿ ಮನೆಯಲ್ಲಿ ಕೂರುತ್ತಾರೆ, ಇದು ನಿಶ್ಚಯ. ಅವರು ಮನೆಯಲ್ಲಿ ಕೂತರೆ ಹುಚ್ಚಾಗುವುದು ಇಬ್ಬರು, ಅವರೂ ನಾನೂ.

ಬೇರೆಯವರು ನೋಡುವ ಮೊದಲು ನೀವೊಬ್ಬರೇ ನೋಡಿ. ಏನು ಮಾಡಬೇಕೋ ನನಗೆ ಗೊತ್ತಿಲ್ಲ. ಅವತ್ತು ಆ ಜೀಪಿನ ಸೀಟು ಬಿಚ್ಚಿದ ರಾತ್ರಿ ಅವರು ಊಟ ಮಾಡಿರಲಿಲ್ಲ. ಇದನ್ನು ನಿಮಗೆ ಅವರು ಯಾವತ್ತೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳಿದೆ.

ಮಾದೇವಿ ಅತ್ತಿಗೆಯನ್ನು ಕೇಳಿದೆನೆಂದು ಹೇಳಿ.

ನಿಮ್ಮ ತಂಗಿಯಂಥವಳು,
ದುರ್ಗಾ

*

ಅಂಕೋಲಾ
13 ಮಾರ್ಚ್ 2007

ದುರ್ಗಾ,

ಕಾಗದ ಒಲೆಗೆ ಹೋಯಿತು. ಸೀಟಿನ ಚಿಂತೆ ಬಿಡು, ಅದು ನನ್ನ ಮೇಲಿರಲಿ. ಕಾರವಾರದಲ್ಲಿ ಏಪ್ರಿಲ್ ಕೊನೆಗೆ ಕಣ್ಣಿನ ಶಿಬಿರ ಇದೆಯಂತೆ, ಹೋಗಿ ಅವನ ಹೆಸರು ಬರೆಸಿ ಬಾ. ಅವನನ್ನು ಕೇಳಲಿಕ್ಕೆ ಹೋಗಬೇಡ. ಅವನನ್ನು ಎಬ್ಬಿಸಿ ಕಳಿಸುವ ಬೈಗುಳ ನನ್ನ ಹತ್ತಿರ ಇದೆ.

ಮಾಬ್ಲೇಶ್ವರ

*

ಅಂಕೋಲಾ
2 ಏಪ್ರಿಲ್ 2007

ರಾಮನಾಥಾ,

ನಿನ್ನ ಕವರು ಬಂತು. ಸೀಟಿಗೆ ಏರಿಸಿದ್ದೇನೆ. ತಪ್ಪು ಹುಡುಕಬೇಕೆಂದು ಎರಡು ತಾಸು ಕೂತೆ, ಸಿಗಲಿಲ್ಲ. ಹೊಟ್ಟೆ ಉರಿಯಿತು. ಕೆಲಸ ಚೆನ್ನಾಗಿದೆ.

ನಿನ್ನೆ ಸಂದೀಪ ನಾಲ್ಕಲ್ಲ, ಹನ್ನೊಂದು ಜನರನ್ನು ಕಟ್ಟಿಕೊಂಡು ಬಂದ. ಟೇಪು ಹಿಡಿದು ಅಳೆದರು. ಒಬ್ಬ ಬೆರಳಿಟ್ಟು ಹೊಲಿಗೆ ಎಣಿಸಿದ. ಕಡೆಗೆ ಸಂದೀಪ, "ಅವಳಿ ಮಕ್ಕಳಾಂಗೆ ಅದೆ ಮಾರಾಯ್ರಾ, ಯಾರದ್ದು ಯಾವ್ದು ಹೇಳೂಕೆ ಬರೂದಿಲ್ಲ" ಎಂದು ಅಲ್ಲೇ ನಾಲ್ಕು ಸಾವಿರ ಎಣಿಸಿದ. ನಿನ್ನ ಪಾಲು ಎರಡು ಸಾವಿರ ಮನಿಯಾರ್ಡರ್ ಮಾಡಿದ್ದೇನೆ. ಇನ್ನು ಮೇಲೆ ಕೆಂಪು ದಾರ ಶೋಕಿ ಎಂದು ಯಾರಿಗಾದರೂ ಹೇಳಿದರೆ ಆ ಎರಡು ಸಾವಿರ ವಾಪಸು ಕೊಡಬೇಕು.

ಈಗ ಬೈಗುಳ. ನಿನ್ನ ಕಾಗದದ ವಿಳಾಸ ಲಕೋಟೆಯ ಅಂಚಿನಿಂದ ಹೊರಗೆ ಹೋಗಿ ಬಿದ್ದಿದೆ. ನಮ್ಮ ಪೋಸ್ಟ್‌ಮನ್ ನನ್ನನ್ನು ಕೇಳಿದ, "ಕಾರವಾರದಲ್ಲಿ ನಿಮ್ಗೆ ಸಣ್ಣ ಮಕ್ಕಳು ಯಾರಾದ್ರೂ ಇದ್ರೋ?" ಎಂದು. ಪೆನ್ನು ಸರಿ ಇಲ್ಲವಂತೆ, ಮೇಜು ಸರಿ ಇಲ್ಲವಂತೆ! ನಿನಗೆ ಕಣ್ಣು ಸರಿ ಇಲ್ಲ ಮಾರಾಯ. ಕುಣಿಯಲಾರದವ ನೆಲ ಡೊಂಕು ಅಂದ ಹಾಗಾಯಿತು.

ನಮ್ಮ ಪಕ್ಕದ ಮನೆಯ ಹೊನ್ನಿಗೆ ಎಪ್ಪತ್ತೆರಡು ವರ್ಷ. ಹೋದ ವರ್ಷ ಪೊರೆ ತೆಗೆಸಿಕೊಂಡು ಬಂದಳು. ಬಂದವಳೇ ಮಾದೇವಿ ಆರಿಸಿದ ಅಕ್ಕಿಯಲ್ಲಿ ಐದು ಕಲ್ಲು ತೆಗೆದು ಬೀದಿಗೆಲ್ಲ ತೋರಿಸಿದಳು. ಮುದುಕಿಗೆ ಇಲ್ಲದ ಹೆದರಿಕೆ ನಿನಗೆ ಏನು? ಏಪ್ರಿಲ್ ಕೊನೆಗೆ ಶಿಬಿರ. ಹೋಗು. ಮೇಸ್ತ್ರಿಯ ಕೈಯಲ್ಲಿ ಕಲಿತವರು ಈ ಜಿಲ್ಲೆಯಲ್ಲಿ ಉಳಿದದ್ದು ನಾವಿಬ್ಬರೇ. ನೀನು ಕುರುಡನಾದರೆ ನಾನು ಜಗಳ ಯಾರ ಹತ್ತಿರ ಆಡಲಿ? ನನ್ನ ಕಾಗದವನ್ನು ಯಾರೋ ಓದಿ ಹೇಳುವುದಲ್ಲ, ನೀನೇ ಓದಿ ನೀನೇ ಉರಿದುಕೊಳ್ಳಬೇಕು. ಆಗಲೇ ನನಗೆ ತೃಪ್ತಿ.

ನಿನ್ನ,
ಮಾಬ್ಲ

*

ಕೋಡಿಬಾಗ
12 ಜೂನ್ 2007

ಪ್ರಿಯ ಮಾಬ್ಲ,

ಈ ಸಾಲುಗಳನ್ನು ನೋಡು. ಗೆರೆ ಇಲ್ಲದ ಕಾಗದ. ಸ್ಕೇಲು ಇಟ್ಟು ಅಳೆ ಬೇಕಿದ್ದರೆ.

ಏಪ್ರಿಲಿನಲ್ಲಿ ಒಂದು ಕಣ್ಣು ಆಯಿತು. ಇನ್ನೊಂದಕ್ಕೆ ಮಳೆಗಾಲ ಮುಗಿದ ಮೇಲೆ ಬಾ ಎಂದಿದ್ದಾರೆ. ಪಟ್ಟಿ ಬಿಚ್ಚಿದಾಗ ಮೊದಲು ದುರ್ಗೆಯ ಮುಖ ಕಂಡಿತು. "ಇಷ್ಟು ಬೆಳ್ಳಗೆ ಯಾವಾಗಾತೇ ನಿನ್ನ ಕೂದ್ಲು?" ಎಂದು ಕೇಳಿ, ಆಪರೇಶನ್ ಆದ ದಿನವೇ ಬೈಸಿಕೊಂಡೆ. ಮಾರನೆಯ ದಿನ ನಿನ್ನ ಕಾಗದಗಳನ್ನೆಲ್ಲ ತೆಗೆದು ನಾನೇ ಓದಿದೆ, ನಾನೇ ಉರಿದುಕೊಂಡೆ. ನಿನಗೆ ತೃಪ್ತಿಯಾಗಲಿ.

ಎರಡನೇ ಸಲ ಓದಿದಾಗ ಸಂಶಯ ಬಂತು. ಏಪ್ರಿಲಿನ ಕಾಗದದಲ್ಲಿ ನೀನು "ಕೆಲಸ ಚೆನ್ನಾಗಿದೆ" ಎಂದು ಬರೆದಿದ್ದೀಯ. ಮೂವತ್ತು ವರ್ಷದಲ್ಲಿ ನೀನು ನನ್ನ ಕೆಲಸಕ್ಕೆ ಆ ಮಾತು ಹೇಳಿದ್ದಿಲ್ಲ. ಒಳ್ಳೆಯ ಕಣ್ಣಿದ್ದಾಗ ಹೇಳದವ ಕುರುಡುಗಣ್ಣಲ್ಲಿ ಹೊಲಿದದ್ದಕ್ಕೆ ಯಾಕೆ ಹೇಳಿದ?

ಹೋದ ವಾರ ಸಂದೀಪ ಹೆಂಡತಿಯನ್ನು ಕೂರಿಸಿಕೊಂಡು ಕಾರವಾರಕ್ಕೆ ಬಂದಿದ್ದ. ನಮ್ಮ ಅಂಗಡಿಯ ಎದುರಿಗೆ ಕಾರು ನಿಲ್ಲಿಸಿ ಬಾಗಿಲು ತೆಗೆದ. ಮಾಬ್ಲಾ, ಆ ಕೆಂಪು ಗೆರೆಗಳು! ಕಾರು ನಿಲ್ಲಿಸಿ ಇಳಿದು ಬಗ್ಗಿ ನೋಡಬೇಕು ಎಂದು ನಗೆ ಮಾಡಿದವ ನಾನು. ಕೊಡೆ ಮಡಚಿ ಮಳೆಯಲ್ಲೇ ಬಗ್ಗಿ ನಿಂತೆ. ಡ್ರೈವರ್ ಸೀಟಿನ ಸಾಲು ನೋಡಿದೆ. ಮದುಮಗಳ ಸೀಟಿನ ಸಾಲು ನೋಡಿದೆ. ಕೊನೆಗೆ ದಾರ ಬಿಗಿದಲ್ಲಿ ನೋಡಿದೆ. ಇಲ್ಲಿ ಮೂರು ಹೊಲಿಗೆ ಹಿಂದಕ್ಕೆ, ಅಲ್ಲಿಯೂ ಮೂರು. ನಾನು ಜನ್ಮದಲ್ಲಿ ಮೂರು ಹಾಕಿದವನಲ್ಲ.

ಸಂದೀಪನಿಗೆ ಏನೂ ಹೇಳಲಿಲ್ಲ. ಶುಕ್ರವಾರ ಬಸ್ಸು ಹತ್ತಿ ಅಂಕೋಲೆಗೆ ಬಂದೆ. ನೀನು ಬೇಲೆಕೇರಿಗೆ ಲಾರಿಯ ಅಳತೆ ತೆಗೆಯಲು ಹೋಗಿದ್ದೆಯಂತೆ. ಮಾದೇವಿ ಚಾ ಕೊಟ್ಟು, ನಿನ್ನ ಮಶೀನಿನ ಮುಂದಿನ ಸ್ಟೂಲು ತೋರಿಸಿ ಕೂರಲು ಹೇಳಿದಳು. ಕೂರಲಿಕ್ಕೆ ಹೋದವನು ಕೂರಲಿಲ್ಲ. ಸ್ಟೂಲಿನ ಮೇಲೆ ಕಪ್ಪು ಚರ್ಮ, ಚರ್ಮದ ಮೇಲೆ ಎರಡು ಸಾಲು ಕೆಂಪು ದಾರ. ಕುಡಿದವ ನದಿ ದಂಡೆಯ ಮೇಲೆ ನಡೆದ ಹಾಗೆ ಒಮ್ಮೆ ಇತ್ತ, ಒಮ್ಮೆ ಅತ್ತ. ಕೊನೆಗೆ ಎರಡು ಹೊಲಿಗೆ ಹಿಂದಕ್ಕೆ.

ಒಂದು ಹೊಲಿಗೆಯನ್ನೂ ನೀನು ಬಿಚ್ಚಿರಲಿಲ್ಲ.

ಮಾದೇವಿಯನ್ನು ಕೇಳಿದೆ. ಉಳಿದ ಚರ್ಮ ಸಾಲದೆ ಮತ್ತೆ ಮುಂಬಯಿಯಿಂದ ತರಿಸಿದೆಯಂತೆ, ಬಾಗಿಲು ಹಾಕಿಕೊಂಡು ಹೊಲಿದೆಯಂತೆ. ಯಾರ ಹತ್ತಿರವೂ ಹೇಳಬೇಡ ಎಂದು ಅವಳಿಂದ ಆಣೆ ಹಾಕಿಸಿದ್ದೆಯಂತೆ. "ನಂಗೆ ಹೇಳೂಕಿಲ್ಲೆ ಅಂದ್ರು, ನೀವೇ ನೋಡ್ಕಂಡ್ರೆ ನಾನೆಂತ ಮಾಡೂದು" ಎಂದಳು. ನಾಲ್ಕು ಸಾವಿರಕ್ಕೆ ಜಗಳ ತೆಗೆದವ ಆ ನಾಲ್ಕು ಸಾವಿರವನ್ನೂ ಅದರ ಮೇಲಿನದನ್ನೂ ಅಲ್ಲಿಯೇ ಕಳೆದೆಯಲ್ಲೋ. ನಾನು ನಿನ್ನ ಒಂದು ಕೂದಲು ಸರಿದ ಗೆರೆಯನ್ನು ನಾಲ್ಕು ಜನರ ಮುಂದೆ ಬಿಚ್ಚಿದೆ. ನೀನು ನನ್ನ ಹಾವಿನಂಥ ಗೆರೆಯನ್ನು ಯಾರಿಗೂ ಕಾಣದ ಹಾಗೆ ತೆಗೆದಿಟ್ಟು ದಿನಾ ಅದರ ಮೇಲೆ ಕೂತು ಕೆಲಸ ಮಾಡುತ್ತಿದ್ದೀಯ. ನಾನು ಆ ಸ್ಟೂಲಿನ ಪಕ್ಕದಲ್ಲಿ ನಿಂತು ಅತ್ತೆ. ಆಪರೇಶನ್ ಆದ ಕಣ್ಣಿಗೆ ನೀರು ತಾಗಿಸಬಾರದು ಎಂದು ಡಾಕ್ಟರು ಹೇಳಿದ್ದರು. ಅವರಿಗೆ ನೀನೇ ಉತ್ತರ ಹೇಳು.

ತಪ್ಪು ನನ್ನದು, ಮಾಬ್ಲಾ. ಒಂಬತ್ತು ವರ್ಷ ತಡವಾಗಿ ಹೇಳುತ್ತಿದ್ದೇನೆ. ಅವತ್ತು ಬ್ಲೇಡು ತೆಗೆಯಬಾರದಿತ್ತು.

ಕೆಂಪು ದಾರದ ವಿಷಯ ನನ್ನ ಕೊನೆಯ ಮಾತು: ನಾಲ್ಕು ಸಾವಿರ ಕಡಿಮೆಯಾಯಿತು. ಮುಂದಿನ ಗಿರಾಕಿಗೆ ಐದು ಹೇಳು. ಆ ಸೀಟಿಗೆ ಕಪ್ಪು ದಾರ ಹೊಲಿದಿದ್ದರೆ ನೀನು ಮಾಡಿದ್ದು ನನಗೆ ಸಾಯುವ ತನಕ ಗೊತ್ತಾಗುತ್ತಿರಲಿಲ್ಲ.

ಇನ್ನು ನಿನ್ನ ಶಪಥ. ಹೊರಡುವ ಮೊದಲು ಮಾದೇವಿಗೆ ಹೇಳಿ ನಿಮ್ಮ ದೇವರ ಮುಂದೆ ನಾನೇ ಒಂದು ಕಾಯಿ, ಹನ್ನೊಂದು ರೂಪಾಯಿ ತಪ್ಪುಕಾಣಿಕೆ ಇಟ್ಟು ಬಂದಿದ್ದೇನೆ. ತಪ್ಪು ಮಾಡಿದವ ನಾನಾದ್ದರಿಂದ ಅವನನ್ನು ಬಿಟ್ಟುಬಿಡು ಎಂದು ಕೇಳಿಕೊಂಡೆ. ದೇವರು ಬೇಡ ಎನ್ನಲಿಲ್ಲ. ಹಾಗಾಗಿ ನಿನ್ನ ಬಾಯಿಗೆ ಬಿಡುಗಡೆಯಾಗಿದೆ.

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಬಾ. ದುರ್ಗಾ ಏಡಿ ಸಾರು ಮಾಡುತ್ತಾಳೆ. ಒಂಬತ್ತು ವರ್ಷದ ಬೈಗುಳ ಬಾಕಿ ಇರುವುದರಿಂದ ಮೊದಲು ನೀನು ಬೈ, ಊಟದ ಮೇಲೆ ನಾನು ಶುರು ಮಾಡುತ್ತೇನೆ. ಆ ಸ್ಟೂಲಿನ ಕವರು ಮಾತ್ರ ಬದಲಿಸಬೇಡ.

ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಈಗ ದೂರದಿಂದಲೇ ಬಸ್ಸಿನ ಬೋರ್ಡು ಓದುತ್ತೇನೆ.

ನಿನ್ನ,
ರಾಮನಾಥ